ಏಳನೆಯ ಪ್ರಶ್ನೆ

"ಮೇಡಂ, ಕಾಲು ಹಿಡೀಬ್ಯಾಡ್ರಿ, ಹಿಂದಿನ ಹಲಗಿ ಹಿಡೀರಿ. ಆ ಕಾಲು ಅಳ್ಳಾಡತೈತಿ," ಎಂದ ಮಹಾಂತೇಶ.

ಸುಜಾತಾ ಕೈ ಬದಲಿಸಿದಳು. ತೇಗದ ಕುರ್ಚಿ, ಇಬ್ಬರು ಹಿಡಿದರೂ ಕೈ ಸೋಲುವಷ್ಟು ಭಾರ. ಅವಳು ಗೋಕಾಕದಿಂದ ಬಸ್ಸು ಹಿಡಿದು ಮಸಗುಪ್ಪಿಯಲ್ಲಿ ಇಳಿದು, ಕಬ್ಬಿನ ನಡುವಿನ ಬಂಡಿ ದಾರಿಯಲ್ಲಿ ನಡೆದು, ಹೊಳೆದಂಡೆಯ ತೋಟದ ಶಾಲೆಯ ಮುಂದೆ ನಿಂತು ಅಕ್ಕೋರ ಮನೆ ಯಾವುದು ಎಂದು ಕೇಳುವಷ್ಟರಲ್ಲಿ ಮಹಾಂತೇಶ ಈ ಕುರ್ಚಿಯನ್ನು ಒಬ್ಬನೇ ಎಳೆಯುತ್ತ ಹೊರಗೆ ಬಂದಿದ್ದ. ಆ ಎರಡು ಕೋಣೆಯ ಶಾಲೆಗೆ ಇದ್ದವರೇ ಇಬ್ಬರು ಶಿಕ್ಷಕರು. ಒಬ್ಬ ಅವನು, ಇನ್ನೊಬ್ಬರು ಅನ್ನಪೂರ್ಣಾ ಅಕ್ಕೋರು. ಇವತ್ತಿನಿಂದ ಅವನೊಬ್ಬನೇ.

"ಸಾಲಿ ಕುರ್ಚಿ ಯಾಕ್ರಿ ಸರ್? ಮನ್ಯಾಗ ಇಲ್ಲೇನು?"

"ಎರಡು ಪ್ಲಾಸ್ಟಿಕ್ ಅದಾವ್ರಿ. ವೀರಪ್ಪ ಕಾಕಾ ಒಪ್ಪವಲ್ಲ. ಆಕಿನ್ನ ಕುಂದರ್ಸೂದಾದ್ರ ಸಾಲಿ ಕುರ್ಚಿ ಮ್ಯಾಲೇ ಕುಂದರ್ಸಬೇಕು ಅಂತ ಹಟಾ ಹಿಡದಾನ."

ವೀರಪ್ಪ ಅಕ್ಕೋರ ಗಂಡ. ಲಿಂಗಾಯತರ ಮನೆ, ಸತ್ತವರನ್ನು ಮಲಗಿಸಿ ಕಳಿಸುವ ಪದ್ಧತಿ ಇಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಕೂರಿಸಬೇಕು. ನಿನ್ನೆ ಸಂಜೆ ಎಮ್ಮೆಗೆ ನೀರಿಟ್ಟು ಒಳಗೆ ಬಂದ ಅಕ್ಕೋರು ಎದೆ ಒತ್ತಿಕೊಂಡು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಇನ್ನೆರಡು ವರ್ಷ ನೌಕರಿ ಇತ್ತು.

"ಬಿ.ಪಿ. ಇತ್ತು, ಸಕ್ಕರಿ ಇತ್ತು, ಎಲ್ಲಾ ಖರೆ," ಮಹಾಂತೇಶ ಹಿಂದು ಹಿಂದಾಗಿ ನಡೆಯುತ್ತ ಹೇಳಿದ. "ಆದ್ರ ಆ ನೋಟೀಸು ಬಂದ ಮ್ಯಾಲ ಅಕ್ಕೋರು ಅರ್ಧಾ ಆಗಿದ್ರು ಮೇಡಂ. ಇಪ್ಪತ್ತಾರು ವರ್ಷ ಇದ ಸಾಲ್ಯಾಗ ಮಣ್ಣು ಹೊತ್ತಾರ. ಅಂಥಾಕಿಗೆ ಸಾಮೂಹಿಕ ನಕಲು ಅಂತ ಬರದು ಕಳಸ್ತಾರ! ಯಾವ ಕತ್ತಿ ಆ ಪೇಪರ್ ತಿದ್ದೇತೋ ಏನೋ. ಒಮ್ಮಿ ನನ್ನ ಕೈಯಾಗ ಸಿಗಬೇಕು ಅದು."

ಆ ಕತ್ತೆ ಕುರ್ಚಿಯ ಇನ್ನೊಂದು ಬದಿ ಹಿಡಿದುಕೊಂಡು ಸುಮ್ಮನೆ ನಡೆಯಿತು.

ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಮೂಡಲಗಿಗೆ ಕೊಟ್ಟಿದ್ದ ಒಬ್ಬಳೇ ಮಗಳು ತಾಯಿಯ ಕಾಲು ಬಿಡದೆ ಕೂತಿದ್ದಳು. ಕುರ್ಚಿ ಬಂದೊಡನೆ ನಾಲ್ವರು ಹಿಡಿದು ಅಕ್ಕೋರನ್ನು ಎತ್ತಿ ಕೂರಿಸಿದರು. ಅಳ್ಳಾಡುವ ಕಾಲಿನ ಕೆಳಗೆ ಯಾರೋ ಹಂಚಿನ ಚೂರು ಇಟ್ಟರು. ಹಸಿರು ಇಳಕಲ್ಲ ಸೀರೆ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಕನ್ನಡಕ ತೆಗೆದಿದ್ದರಿಂದ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು.

ಬಿಸಿಯೂಟ ಮಾಡುವ ಮರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. "ಹನ್ನೆರಡು ವರ್ಷಾತು ನಾ ಆ ಸಾಲ್ಯಾಗ ಅಡಗಿ ಮಾಡಾಕತ್ತು. ಒಂದ ದಿವಸ ಆ ಕುರ್ಚಿ ಮ್ಯಾಲ ಕುಂತದ್ದು ನೋಡಿಲ್ಲ ನಮ್ಮವ್ವ. ಯಾವಾಗ ನೋಡಿದ್ರೂ ಹುಡುಗೂರ ನಡಕ ನೆಲದ ಮ್ಯಾಲೆ."

"ಅದಕ್ಕ ಇವತ್ತರ ಕುಂದರ್ಲಿ," ಎಂದ ವೀರಪ್ಪ. ಅಷ್ಟು ಹೇಳಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಸುಜಾತಾ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಸೇವಂತಿಗೆ ಮಾಲೆ ಹಾಕಿ ಕೈ ಮುಗಿದಳು. ಬೆಳಗಿನಿಂದ ಬಾಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಮಾತು ಹೊರಗೆ ಬರಲಿಲ್ಲ. ಹೆಣದ ಮುಂದೆ ಕ್ಷಮೆ ಕೇಳುವುದು ಸುಲಭ, ಹೆಣ ತಿರುಗಿ ಏನೂ ಕೇಳುವುದಿಲ್ಲ ಎಂದುಕೊಂಡಿದ್ದಳು. ಅದೂ ಸುಲಭವಿರಲಿಲ್ಲ.

* * *

ಸಣ್ಣ ಮಕ್ಕಳು ಬಾಯಿಪಾಠ ಬಿಟ್ಟು ತಾವೇ ವಿಚಾರ ಮಾಡಲು ಕಲಿತಿದ್ದಾರೋ ಇಲ್ಲವೋ ಎಂದು ನೋಡಲು ಹೋದ ತಿಂಗಳು ಇಟ್ಟಿದ್ದ ಪರೀಕ್ಷೆ ಅದು. ಮೂರನೆಯ ತರಗತಿಗೆ ಇಪ್ಪತ್ತು ಪ್ರಶ್ನೆ. ತಿದ್ದುವವರಿಗೆ ಮಾತ್ರ ವಿಚಾರ ಮಾಡುವ ಗೊಡವೆ ಇರಲಿಲ್ಲ, ಅವರ ಕೈಗೆ ಉತ್ತರಸೂಚಿ ಕೊಟ್ಟಿದ್ದರು. ಸುಜಾತಾ ಸುತ್ತಲಿನ ಹದಿನಾಲ್ಕು ಶಾಲೆಗಳನ್ನು ನೋಡಿಕೊಳ್ಳಲು ದಸರೆಯ ನಂತರ ಹೊಸದಾಗಿ ಬಂದ ಸಿ.ಆರ್.ಪಿ., ತೋಟದ ಶಾಲೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಅಷ್ಟೂ ಶಾಲೆಗಳ ಪೇಪರು ಎರಡು ದಿನದಲ್ಲಿ ಮುಗಿಯಬೇಕಾಗಿತ್ತು.

ಏಳನೆಯ ಪ್ರಶ್ನೆ ಹೀಗಿತ್ತು. ಗುಂಪಿಗೆ ಸೇರದ ಪದಕ್ಕೆ ಗೆರೆ ಎಳೆಯಿರಿ: ಬಾವಿ, ಕೆರೆ, ನಳ, ನದಿ. ಉತ್ತರಸೂಚಿಯಲ್ಲಿ 'ನಳ' ಎಂದಿತ್ತು. ಉಳಿದ ಮೂರು ಜಲಮೂಲ, ನಳ ಅಲ್ಲ. ಹದಿಮೂರು ಶಾಲೆಗಳ ಮಕ್ಕಳು ಬಹಳ ಮಂದಿ ನಳಕ್ಕೇ ಗೆರೆ ಎಳೆದಿದ್ದರು. ಹೊಳೆದಂಡೆಯ ತೋಟದ ಶಾಲೆಯ ಹತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮಕ್ಕಳು ಗೆರೆ ಎಳೆದದ್ದು ನದಿಗೆ.

ತರಗತಿಯ ಮುಕ್ಕಾಲು ಪಾಲು ಮಕ್ಕಳು ಒಂದೇ ತಪ್ಪು ಮಾಡಿದ್ದರೆ ಷರಾ ಬರೆಯಬೇಕೆಂಬ ನಿಯಮ ಇತ್ತು. ಸಂಜೆ ಆರು ಗಂಟೆ, ಕಣ್ಣು ಉರಿಯುತ್ತಿದ್ದವು, ಗೋಕಾಕಕ್ಕೆ ಹೋಗುವ ಬಸ್ಸು ತಪ್ಪುವುದರಲ್ಲಿತ್ತು. ಸುಜಾತಾ ಕೆಂಪು ಪೆನ್ನಿನಿಂದ ಬರೆದಳು: 'ಸಾಮೂಹಿಕ ನಕಲು.' ನಿಯಮ ಕೇಳಿದ್ದು ಅಷ್ಟೇ. ಆದರೆ ಅವಳ ಪೆನ್ನು ಅಲ್ಲಿಗೆ ನಿಲ್ಲಲಿಲ್ಲ. 'ಶಿಕ್ಷಕರೇ ಹೇಳಿಕೊಟ್ಟಿರುವ ಸಂಭವ' ಎಂದು ಇನ್ನೊಂದು ಸಾಲು ತಾನಾಗಿಯೇ ಸೇರಿಸಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಅವಳು ಅಲ್ಲಿಯವರೆಗೆ ಬೇರೆ ಕಡೆ ಹುಡುಕುತ್ತಿದ್ದಳು.

ತಿದ್ದಿದವರ ಹೆಸರು ಗುಟ್ಟು. ಆದರೆ ಷರಾ ಗುಟ್ಟಾಗಿ ಉಳಿಯಲಿಲ್ಲ, ಅದರ ಮೇಲೆಯೇ ಅಕ್ಕೋರಿಗೆ ನೋಟೀಸು ಹೋಯಿತು. ಶಿಕ್ಷಕರ ಮೀಟಿಂಗಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಷರಾವನ್ನು ಗಟ್ಟಿಯಾಗಿ ಓದಿ, ಅನ್ನಪೂರ್ಣಾ ಅಕ್ಕೋರನ್ನು ಎದ್ದು ನಿಲ್ಲಿಸಿದರು.

"ಹೇಳಿಕೊಡೂದಾದ್ರ ಸರಿ ಉತ್ತರನರ ಹೇಳಿಕೊಡಬೇಕಿಲ್ಲೋ ಅಕ್ಕೋರ? ನಳ ಯಾವುದು ಹೊಳಿ ಯಾವುದು ನಿಮಗ ಗೊತ್ತಾಗಲಿಲ್ಲೇನು?"

ಐವತ್ತು ಮಂದಿ ಶಿಕ್ಷಕರು ನಕ್ಕರು. ಸುಜಾತಾಳೂ ನಕ್ಕಳು. ಐವತ್ತೆಂಟರ ಹೆಂಗಸು, ವ್ಯಾನಿಟಿ ಬ್ಯಾಗು ಎದೆಗೆ ಹಿಡಿದುಕೊಂಡು, ಕೂರು ಎನ್ನುವವರೆಗೂ ನಿಂತೇ ಇದ್ದರು.

ಮೀಟಿಂಗು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಸುಜಾತಾಳನ್ನು ತಡೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಪ್ಪು ಅಂತ ಹಾಕ್ರಿ ಮೇಡಂ, ನನ್ನ ತಕರಾರಿಲ್ಲ. ಆದ್ರ ಹದಿನೇಳು ಹುಡುಗೂರು ಒಂದ ತಪ್ಪು ಮಾಡ್ಯಾರಂದ್ರ ಅದಕ್ಕೊಂದು ಕಾರಣ ಇರತೈತಿ. ಒಮ್ಮಿ ಬಂದು ಅವರನ್ನ ಕೇಳ್ರಿ, ಯಾಕ ಅಂತ."

"ಏನಂತ ನೀವ ಹೇಳಿಬಿಡ್ರಲ್ಲ ಅಕ್ಕೋರ."

"ನಾ ಹೇಳಿದ್ರ ಮತ್ತ ನಾನ ಹೇಳಿಕೊಟ್ಟಂಗ ಆತು. ಹುಡುಗೂರ ಬಾಯಿಂದ ಕೇಳ್ರಿ."

"ಬರ್ತೇನ್ರಿ," ಎಂದಿದ್ದಳು ಸುಜಾತಾ.

* * *

ಮಣ್ಣು ಮೂರು ಗಂಟೆಗೆ ಎಂದು ಅಯ್ಯನವರು ಹೇಳಿದ್ದರು. ಹುಕ್ಕೇರಿ ಕಡೆಯ ನೆಂಟರು ಇನ್ನೂ ದಾರಿಯಲ್ಲಿದ್ದರು. ವೀರಪ್ಪ ಎದ್ದು ಬಂದು ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತ. ಸುಜಾತಾ ಅವನ ಹತ್ತಿರ ಹೋಗಿ ನಿಂತಳು.

"ಕುಂದರ್ರಿ," ಎಂದು ಟವೆಲ್ಲಿನಿಂದ ಕಟ್ಟೆ ಝಾಡಿಸಿದ. "ಸುಜಾತಾ ಮೇಡಂ ಅಲ್ಲರಿ ನೀವು? ಆಕಿ ಹೇಳಿದ್ಲು ನಿಮ್ಮ ಬಗ್ಗೆ."

ಅವಳು ಕಟ್ಟೆಯ ತುದಿಯಲ್ಲಿ ಕೂತಳು. ಆದರೆ ವೀರಪ್ಪ ಆ ಮಾತು ಮುಂದುವರಿಸಲಿಲ್ಲ. ಸಾವಿನ ಮನೆಯಲ್ಲಿ ಗಂಡಸರು ಮಾಡುವಂತೆ ಎಲ್ಲಿಂದಲೋ ಶುರು ಮಾಡಿದ.

"ನಾ ಸಾಲಿ ಕಲತದ್ದು ಎರಡನೇ ಇಯತ್ತೆತನ ರೀ. ಯಾಕ ಬಿಟ್ನಿ ಗೊತ್ತೇನು? ಮಾಸ್ತರ ಒಂದು ಲೆಕ್ಕ ಕೇಳಿದ. ಒಬ್ಬಾಂವ ಒಂದ ಎಕರೆ ಕಬ್ಬು ಹತ್ತ ದಿನಕ್ಕ ಕಡದ್ರ, ಹತ್ತ ಮಂದಿ ಎಷ್ಟ ದಿನಕ್ಕ ಕಡೀತಾರು? ಎಲ್ಲಾರೂ ಒಂದ ದಿನ ಅಂದ್ರು. ನಾ ಮೂರ ದಿನ ಅಂದ್ನಿ. ರೂಲರ್‌ಲೇ ಮುಂಗೈ ಮ್ಯಾಲ ಹಂಗ ಹೊಡದ ನೋಡ್ರಿ, ಮರುದಿನದಿಂದ ನಾ ಎಮ್ಮಿ ಕಾಯಾಕ ಹ್ವಾದ್ನಿ."

"ಮೂರು ದಿನ ಯಾಕ್ರಿ?" ಎಂದಳು ಸುಜಾತಾ.

ವೀರಪ್ಪ ಅವಳನ್ನು ಒಂದು ಗಳಿಗೆ ನೋಡಿದ.

"ಮೊದಲನೇ ದಿನ ಗ್ಯಾಂಗಿನವರು ಗುಡಸಲಾ ಹಾಕ್ಕೊಂತಾರ. ಎರಡನೇ ದಿನ ಕಡೀತಾರ. ಮೂರನೇ ದಿನ ಫ್ಯಾಕ್ಟರಿ ಗಾಡಿ ದಾರಿ ಕಾಯತಾರ. ನಾ ಸಣ್ಣಾಂವ ಇದ್ದಾಗಿಂದ ನೋಡಿದ್ದು ಅದನ್ನ. ಲಗ್ನಾದ ಹೊಸದಾಗಿ ಆಕಿ ಮುಂದ ಹೇಳಿದ್ನಿ. ಬಿದ್ದ ಬಿದ್ದ ನಕ್ಕಳು. ಆಮ್ಯಾಲ ಸುಮ್ಮ ಕುಂತಳು. ನಿಮ್ಮನ್ನ ಯಾರರ ಯಾಕ ಅಂತ ಕೇಳಿದ್ರ ನೀವು ಸಾಲಿ ಬಿಡತಿದ್ದಿಲ್ಲ ಅಂದ್ಲು. ಅವತ್ತಿಂದ ಹುಡುಗೂರಿಗೆ ಹೊಸಾ ಪ್ರಶ್ನಿ ತಗದ್ರ ಮೊದಲ ಪರೀಕ್ಷಾ ನನಗ್ರಿ. ಉಣ್ಣಾಕ ಕುಂತಾಗ ಕೇಳತಿದ್ಲು. ನಂದು ತಪ್ಪಾದಷ್ಟೂ ಆಕಿಗೆ ಖುಷಿ. ಹ್ಯಾಂಗ ತಪ್ಪಿದ್ರಿ ಹೇಳ್ರಿ, ಹೇಳ್ರಿ ಅಂತ ರೊಟ್ಟಿ ತಣ್ಣಗಾಗೂತನ ಬಿಡತಿದ್ದಿಲ್ಲ."

ನಗಲು ಹೋದವನ ಮುಖ ಅರ್ಧಕ್ಕೇ ಮುರಿಯಿತು. "ಇನ್ನ ಯಾರ ಕೇಳ್ತಾರ ನನಗ," ಎಂದ.

ಮರೆವ್ವ ನೆರೆಮನೆಯಿಂದ ಚಹಾ ತಂದುಕೊಟ್ಟಳು. ಕೊಟ್ಟವಳು ಹೋಗಲಿಲ್ಲ.

"ಹುಡುಗೂರು ಈ ಕಡೆ ಬರವಲ್ವು ನೋಡ ಯಪ್ಪಾ. ಮುಂಜಾನಿಂದ ಸಾಲಿ ಗ್ವಾಡಿಗೆ ಹತ್ತಿ ಕುಂತಾವ. ಅಕ್ಕೋರನ್ನ ನೋಡಬರ್ರೆಬೇ ಅಂದ್ರ ಅಳತಾವ. ಆ ಸರಿತಾ ಅಂತೂ ಗುಟುಕು ನೀರ ಮುಟ್ಟಿಲ್ಲ."

"ಯಾಕ?" ಎಂದಳು ಸುಜಾತಾ.

"ತಾವು ತಪ್ಪ ಬರದದ್ದಕ್ಕ ಅಕ್ಕೋರಿಗೆ ನೋಟೀಸ ಬಂತಂತ, ಅದಕ್ಕ ಸತ್ತರಂತ. ನಾವ ಕೊಂದೇವಿ ಅಂತಾವ್ರೀ ಮೇಡಮ್ಮಾರ, ಎಂಟ ವರ್ಷದ ಕೂಸುಗೋಳು. ಎದಿ ಒಡೀತೈತಿ ಕೇಳಿದ್ರ."

ಸುಜಾತಾ ಕುಡಿಯದ ಚಹಾವನ್ನು ಮರೆವ್ವನ ಕೈಗೆ ತಿರುಗಿ ಕೊಟ್ಟಳು. ನೋಟೀಸು ಅಕ್ಕೋರನ್ನು ಕೊಂದಿತೆಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡು ಒಂದಿಷ್ಟು ಸಮಾಧಾನ ಮಾಡಿಕೊಂಡಿದ್ದಳು. ಆದರೆ ಮಕ್ಕಳಿಗೆ ಡಾಕ್ಟರ ಚೀಟಿ ಬೇಕಿರಲಿಲ್ಲ. ಅವರಿಗೆ ಯಾರೋ ಒಬ್ಬರು ತಪ್ಪಿತಸ್ಥರು ಬೇಕಿದ್ದರು, ಬೇರೆ ಯಾರೂ ಮುಂದೆ ಬರಲಿಲ್ಲವೆಂದು ತಾವೇ ಆಗಿದ್ದರು.

"ವೀರಪ್ಪನವರ," ಎಂದಳು. "ಆ ಪೇಪರ ತಿದ್ದಿದಾಕಿ ನಾನ್ರಿ. ಷರಾ ಬರದಾಕೀನೂ ನಾನ."

ಕಟ್ಟೆಯ ಆಚೆ ಅಯ್ಯನವರಿಗೆ ಬಿಲ್ವಪತ್ರಿ ಆರಿಸಿಕೊಡುತ್ತಿದ್ದ ಮಹಾಂತೇಶ ತಲೆ ಎತ್ತಿದ. ಮರೆವ್ವ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟಳು.

"ಗೊತ್ತೈತ್ರಿ," ಎಂದ ವೀರಪ್ಪ. "ಷರಾ ಕಾಪಿ ನೋಡಿದ ಕೂಡ್ಲೇ ನಿಮ್ಮ ಅಕ್ಷರದ ಗುರ್ತ ಹಿಡದಿದ್ಲು."

"ಗೊತ್ತಿತ್ತೇನು ಅವರಿಗೆ? ಮತ್ತ ನನಗ ಒಂದ ಮಾತು ಅನ್ನಲಿಲ್ಲ."

"ಸಿಟ್ಟು ನನಗ ಬಂದಿತ್ರಿ. ಗೋಕಾಕಕ್ಕ ಹೋಗಿ ಕೇಳಿ ಬರ್ತೇನಿ ಅಂತ ಎದ್ದಿದ್ನಿ. ಆಕಿ ಬಿಡಲಿಲ್ಲ. ಆ ಮೇಡಂಗೂ ಯಾರೂ ಎಂದೂ ಯಾಕ ಅಂತ ಕೇಳಿಲ್ಲ, ಹಿಂಗಾಗಿ ಕೇಳೂದು ಗೊತ್ತಿಲ್ಲ. ಮಾತು ಕೊಟ್ಟಾಳ, ಬರ್ತಾಳ ಅಂದ್ಲು."

ಸುಜಾತಾ ಕಟ್ಟೆಯಿಂದ ಇಳಿದು ಅವನ ಕಾಲಿಗೆ ಬಾಗಿದಳು. ಅವನು ಕಾಲು ಹಿಂದೆಗೆದುಕೊಂಡ.

"ನನಗ ಬ್ಯಾಡ್ರಿ ಯವ್ವಾ. ನಾ ಮುದುಕ, ಹ್ಯಾಂಗರ ತಡಕೊಂತೇನಿ. ಹೇಳೂದಿದ್ರ ಆ ಹುಡುಗೂರಿಗೆ ಹೇಳ್ರಿ."

ಮಹಾಂತೇಶ ಹತ್ತಿರ ಬಂದ. ಕತ್ತೆ ಕೈಗೆ ಸಿಕ್ಕಿದ್ದರೂ ಅವನ ಬಾಯಿಂದ ಬೈಗುಳ ಬರಲಿಲ್ಲ. ಬಂದದ್ದು ನೌಕರಿಯವರ ಮಾತು. "ಮೇಡಂ, ಇಷ್ಟ ಮಂದಿ ಮುಂದ ತಪ್ಪು ನಂದು ಅಂದ್ರ ನಾಳಿಗೆ ಆಫೀಸಿಗೆ ಮುಟ್ಟತೈತಿ. ಮುಂದಿನ ನೋಟೀಸು ನಿಮ್ಮ ಹೆಸರಿಗೆ."

* * *

ಹತ್ತು ದಿನದ ಹಿಂದೆ ಅಕ್ಕೋರು ಫೋನು ಮಾಡಿದ್ದರು.

"ಸೋಮವಾರ ಬರ್ತೀರೇನ್ರಿ ಮೇಡಂ? ಹುಡುಗೂರಿಗೆ ಹೇಳಿಟ್ಟೇನಿ, ಮೇಡಂ ಬಂದು ನಿಮ್ಮನ್ನ ಕೇಳ್ತಾರ ಅಂತ. ಬಾಳ ಹುರುಪಿನ್ಯಾಗ ಅದಾರ."

"ಖಂಡಿತ ಬರ್ತೇನ್ರಿ ಅಕ್ಕೋರ."

ಸೋಮವಾರ ಆನ್‌ಲೈನಿನಲ್ಲಿ ಮಾಹಿತಿ ತುಂಬುವ ಕೆಲಸ ಬಂತು. ಮಂಗಳವಾರ ತರಬೇತಿ. ಬುಧವಾರ ಯಾವ ಕೆಲಸವೂ ಇರಲಿಲ್ಲ. ಸುಜಾತಾ ಅಂದು ಅರಭಾವಿಯವರೆಗೆ ಬಂದು, ಅಲ್ಲಿಯ ಶಾಲೆಯಲ್ಲಿ ಸುಮ್ಮನೆ ಅರ್ಧ ದಿನ ಕೂತು, ಬಂದ ಬಸ್ಸಿಗೆ ತಿರುಗಿ ಹೋದಳು. ತೋಟದ ಶಾಲೆ ಅಲ್ಲಿಂದ ಏನೂ ದೂರವಲ್ಲ. ಆದರೆ ಹೋಗಿ ಕೇಳಿ, ಮಕ್ಕಳ ಬಳಿ ನಿಜವಾಗಿ ಒಂದು ಕಾರಣ ಇದ್ದುಬಿಟ್ಟರೆ? ಆಗ ತನ್ನ ಷರಾವನ್ನು ತಾನೇ ಹೊಡೆದುಹಾಕಬೇಕಾಗುತ್ತದೆ. ಅವಳು ಹೆದರಿದ್ದು ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವಳು ಒಬ್ಬಳು, ಹಾಳಾದ ಮನೆ ಇನ್ನೊಬ್ಬರದು.

* * *

ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಅಕ್ಕೋರು ಕೂತಿದ್ದರು, ದಾರಿಯ ಕುಣಿಗಳಿಗೆ ತಲೆ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುತ್ತಿತ್ತು. ಶಾಲೆಯ ಹಿಂದಿನ ಹೊಲವೇ ವೀರಪ್ಪನದು. ಅಲ್ಲಿಯೇ ಕುಣಿ ತೋಡಿದ್ದರು. ಹಸಿ ಕಪ್ಪು ಮಣ್ಣಿನ ಗುಡ್ಡೆ ದೂರದಿಂದಲೇ ಕಾಣುತ್ತಿತ್ತು.

ಅಯ್ಯನವರು ಕುಣಿಯಲ್ಲಿ ಇಳಿದು ಪೂಜೆಗೆ ತೊಡಗಿದಾ‌ಗ ಸುಜಾತಾ ಗುಂಪಿನಿಂದ ಹೊರಬಿದ್ದು ಶಾಲೆಯ ಕಡೆ ನಡೆದಳು.

ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತಿದ್ದರು. ರಜೆ ಕೊಟ್ಟಿದ್ದರೂ ಎಲ್ಲರ ಮೈಮೇಲೆ ಯೂನಿಫಾರಂ. ತುದಿಯಲ್ಲಿ ಎರಡು ಜಡೆಯ ತೆಳ್ಳನೆಯ ಹುಡುಗಿ ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಅವಳೇ ಸರಿತಾ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಸುಜಾತಾ ಮೇಡಂ. ನಿಮ್ಮನ್ನ ಕೇಳಾಕ ಬಂದೇನಿ," ಎಂದಳು. "ಪರೀಕ್ಷಾದಾಗ ಏಳನೇ ಪ್ರಶ್ನೆ ಇತ್ತಲ್ಲ, ಯಾವುದು ಗುಂಪಿಗೆ ಸೇರಂಗಿಲ್ಲ ಅಂತ..."

"ನಳ್ರೀ!"

ಎಲ್ಲ ಮಕ್ಕಳೂ ಒಂದೇ ದನಿಯಲ್ಲಿ ಕೂಗಿದರು. ಅವಳು ಮಾತು ಮುಗಿಸುವವರೆಗೂ ಕಾಯಲಿಲ್ಲ.

"ನಳ ಸರಿ ಉತ್ತರ್ರಿ," ಎಂದ ಒಬ್ಬ ಹುಡುಗ ಅವಸರದಿಂದ. "ಇನ್ನ ಮ್ಯಾಲ ಹಂಗ ಬರೀತೇವ್ರಿ. ಅಕ್ಕೋರು ಹೇಳಿಕೊಟ್ಟಿಲ್ರಿ. ಅಕ್ಕೋರದು ತಪ್ಪಿಲ್ರಿ."

ಬಾಯಿಪಾಠ ಬಿಡಿಸುವ ಪರೀಕ್ಷೆ ಮಾಡಿದ ಕೆಲಸ ಇದು. ಸುಜಾತಾ ಅವರ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟಳು. ಹಿಂದೆ ಹೊಲದಲ್ಲಿ ಮಂದಿ ತಿರುಗಿ ನೋಡುತ್ತಿರುವುದು ಅವಳಿಗೆ ಗೊತ್ತಿತ್ತು. ದನಿ ಇಳಿಸಲಿಲ್ಲ.

"ಕೇಳ್ರಿಲ್ಲೆ. ನಿಮ್ಮ ಪೇಪರ ತಿದ್ದಿದಾಕಿ ನಾನು. ತಪ್ಪು ಅಂತ ಹಾಕಿದಾಕೀನೂ ನಾನು. ನೀವು ಯಾಕ ಹಂಗ ಬರದ್ರಿ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಅಕ್ಕೋರಿಗೆ ನೋಟೀಸು ಬಂದದ್ದು ನಿಮ್ಮಿಂದಲ್ಲ, ನನ್ನಿಂದ. ತಪ್ಪು ನಂದು."

ಸರಿತಾ ಮೊಣಕಾಲಿನಿಂದ ಮುಖ ಎತ್ತಿದಳು. ಕಣ್ಣು ಬಾತಿದ್ದವು.

"ನೀವು ಸೋಮವಾರ ಬರತೇನಂದಿದ್ರಿ," ಎಂದಳು. "ನಾವು ಎಣ್ಣಿ ಹಚ್ಚಿ ತಲಿ ಬಾಚಕೊಂಡು ಬಂದಿದ್ದಿವ್ರಿ. ಅಕ್ಕೋರು ಬೆಲ್ ಹೊಡದ ಮ್ಯಾಲೂ ನಮ್ಮನ್ನ ಕುಂದರಿಸ್ಕೊಂಡು ಕುಂತಿದ್ರು."

"ಹೂಂನವ್ವ. ಬರಲಿಲ್ಲ. ಅದೂ ನನ್ನ ತಪ್ಪ." ಸುಜಾತಾ ಅವಳ ಕಡೆ ಸರಿದು ಕೂತಳು. "ಈಗ ಬಂದೇನಿ. ಹೇಳತೀಯೇನು? ನದಿಗೆ ಯಾಕ ಗೆರಿ ಎಳದಿ?"

ಸರಿತಾ ಅಂಗೈಯಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ನಿಂತಳು. ತರಗತಿಯಲ್ಲಿ ಉತ್ತರ ಹೇಳುವಾಗ ನಿಲ್ಲುವಂತೆ ಕೈ ಕಟ್ಟಿ ನಿಂತಳು.

"ಯಾಕಂದ್ರರಿ... ಬಾವಿಗೆ ನಾವು ಹೋಗ್ತೇವ್ರಿ. ಕೆರಿಗೂ ನಾವ ಹೋಗ್ತೇವ್ರಿ. ನಳಕ್ಕೂ ಕೊಡಾ ತಗೊಂಡು ನಾವ ಹೋಗ್ತೇವ್ರಿ. ಹೊಳಿ ಒಂದ ನಮ್ಮನಿಗೆ ಬರತೈತ್ರಿ."

ಹೇಳಿ ತಿರುಗಿ, ಗೋಡೆಯ ಮೇಲೆ ಕೈ ಚಾಚಿದಳು. ತುದಿಗಾಲಲ್ಲಿ ನಿಂತು ಮೈಯೆಲ್ಲ ಎಳೆದರೂ ಅವಳ ಬೆರಳಿನಿಂದ ಒಂದು ಮೊಳ ಮೇಲೆ, ಸುಣ್ಣದ ಗೋಡೆಯ ಉದ್ದಕ್ಕೂ ಕಂದು ಬಣ್ಣದ ಗೆರೆ ಇತ್ತು. ಶ್ರಾವಣದಲ್ಲಿ ಘಟಪ್ರಭೆ ಬಂದು ನಿಂತು ಹೋದ ಗುರುತು. ಸುಜಾತಾ ಹುಕ್ಕೇರಿ ಕಡೆಯ ಮಡ್ಡಿಯಲ್ಲಿ ಬೆಳೆದವಳು. ಅವಳ ಊರಿನ ಮಂದಿ ನೀರು ಹುಡುಕಿಕೊಂಡು ಹೋಗುತ್ತಾರೆ. ನೀರೇ ಮನೆ ಹುಡುಕಿಕೊಂಡು ಬರುವ ಊರನ್ನು ಅವಳು ಸುದ್ದಿ ಪೇಪರಿನಲ್ಲಿ ಫೋಟೋ ನೋಡಿ ಮಡಿಸಿ ಇಟ್ಟಿದ್ದಳು.

ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಆಮೇಲೆ ಎಲ್ಲರೂ ಎದ್ದರು. ಹತ್ತು ದಿನದಿಂದ ಹೇಳಲು ಕಾದಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು.

"ನಮ್ಮ ಅಡಗಿ ಮನ್ಯಾಗ ಮೀನು ಬಂದಿದ್ವು ರೀ."

"ನಮ್ಮ ಎಮ್ಮಿ ಕರಾ ಒಯ್ತ್ರಿ ಮೇಡಂ. ಕರಾನ ಒಯ್ತು."

"ನಾವು ಅರಭಾವಿ ಕಾಳಜಿ ಕೇಂದ್ರದಾಗ ಹನ್ನೊಂದು ದಿನ ಇದ್ದಿವ್ರಿ. ಅಕ್ಕೋರು ಅಲ್ಲೇ ಬಂದು ಸಾಲಿ ಮಾಡ್ಯಾರ."

"ಇವರಿಬ್ಬರು ನಳ ಬರದಾರ್ರಿ," ಎಂದು ಸರಿತಾ ಹಿಂದೆ ನಿಂತ ಅಣ್ಣತಂಗಿಯರನ್ನು ತೋರಿಸಿದಳು. "ದೀಪಾವಳಿ ಆದ ಮ್ಯಾಲ ಬಂದಾರ್ರಿ, ಕಬ್ಬು ಕಡಿಯಾಕ. ಇವ್ರು ಹೊಳಿ ಬಂದದ್ದು ನೋಡಿಲ್ರಿ. ಅದಕ್ಕ ಇವ್ರದು ಅದ ಸರಿ, ನಮ್ಮದು ಇದ ಸರಿ. ಅಕ್ಕೋರು ಹಂಗ ಹೇಳ್ಯಾರ್ರಿ."

ನೋಡಿದವರು ಹದಿನೇಳು, ನೋಡದವರು ಇಬ್ಬರು. ಹತ್ತೊಂಬತ್ತೂ ಮಕ್ಕಳು ವಿಚಾರ ಮಾಡಿಯೇ ಬರೆದಿದ್ದರು. ಇಡೀ ಪರೀಕ್ಷೆಯಲ್ಲಿ ವಿಚಾರ ಮಾಡದೆ ಬರೆದವಳು ಸುಜಾತಾ ಒಬ್ಬಳೇ. ಅದನ್ನು ಅವಳು ಯಾರ ಮುಂದೆ ಹೇಳಬೇಕಿತ್ತೋ ಅವರು ನೂರು ಹೆಜ್ಜೆ ಆಚೆ ಕುಣಿಯಲ್ಲಿದ್ದರು.

"ಮಣ್ಣ ಕೊಡಾವರು ಬರ್ರೀ," ಎಂದು ಹೊಲದಿಂದ ಕೂಗು ಬಂತು.

ಸುಜಾತಾ ಎದ್ದಳು. ಕೈ ಚಾಚಿದಳು, ಆದರೆ ಕರೆಯಲು ಧೈರ್ಯವಾಗಲಿಲ್ಲ. ಸರಿತಾ ತಾನೇ ಬಂದು ಅವಳ ಎರಡು ಬೆರಳು ಹಿಡಿದುಕೊಂಡಳು. ಉಳಿದವರು ಹಿಂದೆ ಹೊರಟರು.

ಮಂದಿ ದಾರಿ ಬಿಟ್ಟರು. ಮಹಾಂತೇಶ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಕುಣಿಯಲ್ಲಿ ಅಕ್ಕೋರು ಭುಜದವರೆಗೆ ವಿಭೂತಿ, ಉಪ್ಪು, ಪತ್ರಿಗಳಲ್ಲಿ ಮುಚ್ಚಿಹೋಗಿದ್ದರು. ಮುಖಕ್ಕೆ ಬಿಳಿ ವಸ್ತ್ರ ಹೊದಿಸಿದ್ದರು. ವೀರಪ್ಪ ಮೊದಲ ಮಣ್ಣು ಕೊಟ್ಟು ಪಕ್ಕಕ್ಕೆ ಸರಿದ.

ಸರಿತಾ ಬೊಗಸೆ ತುಂಬ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಹೋದಳು. ಮರೆವ್ವ ಹಿಂದಿನಿಂದ ಅವಳ ಲಂಗ ಹಿಡಿದುಕೊಂಡಳು. ಹುಡುಗಿ ಮಣ್ಣು ಹಾಕಲಿಲ್ಲ. ಕಿವಿ ಮಂದವಾದವರಿಗೆ ಹೇಳುವಂತೆ ಬಾಗಿ, ಗಟ್ಟಿಯಾಗಿ ಹೇಳಿದಳು.

"ಅಕ್ಕೋರ್ರೀ, ಮೇಡಂ ಬಂದಾರ್ರಿ. ಏಳನೇದು ಯಾಕ ಅಂತ ಕೇಳಿದ್ರು. ನಾ ಹೇಳೇನ್ರಿ."

ಮಣ್ಣು ಹಾಕಿದಳು. ಭಜನೆಯವರ ತಾಳ ನಿಂತಿತು. ಹದಿನೆಂಟು ಮಕ್ಕಳು ಒಬ್ಬೊಬ್ಬರಾಗಿ ಬಾಗಿ, ಒಬ್ಬೊಬ್ಬರೂ ಅದನ್ನೇ ಹೇಳಿ, ಮಣ್ಣು ಹಾಕಿ ಸರಿದರು. ಕೊನೆಗೆ ಸುಜಾತಾಳ ಸರದಿ ಬಂತು. ಅವಳು ಕುಣಿಯ ಮೇಲೆ ಕೈ ಚಾಚಿದಳು. ಹಸಿ ಎರೆಮಣ್ಣು ಬೆರಳ ಸಂದಿನಿಂದ ಉಕ್ಕುವಷ್ಟು ಮುಷ್ಟಿ ಬಿಗಿದಿತ್ತು, ಬಿಚ್ಚಲು ಬರಲಿಲ್ಲ. ಹಿಂದಿನವರು ಕಾಯುತ್ತ ನಿಂತರು.